58 ಸೆಕೆಂಡು

ಮೊನ್ನೆ ಪಾಸ್‌ಬುಕ್ ಹುಡುಕುವಾಗ ಡ್ರಾಯರಿನ ಮೂಲೆಯಲ್ಲಿ ಹಳೇ ಸ್ಟಾಪ್‌ವಾಚ್ ಸಿಕ್ಕಿತು. ಕುತ್ತಿಗೆಗೆ ಹಾಕಿಕೊಳ್ಳುವ ಅದರ ಹಳದಿ ದಾರ ಬೆವರು ಕುಡಿದು ಕಂದು ಬಣ್ಣಕ್ಕೆ ತಿರುಗಿದೆ. ಬಲಗಡೆ ಶುರು ಮಾಡುವ, ನಿಲ್ಲಿಸುವ ಗುಂಡಿ. ಎಡಗಡೆ ರೀಸೆಟ್. ಸೆಲ್ ಹೋಗಿ ಎಷ್ಟು ಕಾಲವಾಯಿತೋ. ಪಾಸ್‌ಬುಕ್ ಹುಡುಕೋದು ಬಿಟ್ಟು ಅದನ್ನೇ ಕೈಯಲ್ಲಿ ಹಿಡಿದುಕೊಂಡು ಕೂತೆ.

ನಾನು ದೊಡ್ಡ ಗಾಲ್ಫ್ ಆಟಗಾರ ಏನಲ್ಲ. ನಲವತ್ತು ದಾಟಿದ ಮೇಲೆ ಆಫೀಸಿನ ಸ್ನೇಹಿತರೊಬ್ಬರು ಹೊಡೆತ ಅಭ್ಯಾಸ ಮಾಡುವ ಡ್ರೈವಿಂಗ್ ರೇಂಜಿಗೆ ಕರೆದುಕೊಂಡು ಹೋಗಿ ಅಂಟಿಸಿದ ಚಟ ಇದು. ಆಡುವುದಕ್ಕಿಂತ ನೋಡುವುದು ಜಾಸ್ತಿ. ನೋಡುವುದಕ್ಕಿಂತ ನಿಯಮದ ಪುಸ್ತಕ ಓದುವುದು ಇನ್ನೂ ಜಾಸ್ತಿ. ಈ ಮೂರನೇ ಚಟ ಹೇಗೋ ಗೊತ್ತಾಗಿ, ಕೆಲವು ವರ್ಷದ ಹಿಂದೆ ಊರ ಹೊರಗಿನ ಒಂದು ಕೋರ್ಸಿನಲ್ಲಿ ನಡೆದ ಜೂನಿಯರ್ ಟೂರ್ನಮೆಂಟಿಗೆ ನನ್ನನ್ನು ಸ್ವಯಂಸೇವಕನಾಗಿ ಕರೆದರು. ಎರಡು ದಿನದ ಕೆಲಸ. ಟೋಪಿ, ವಾಕಿಟಾಕಿ, ಈ ಸ್ಟಾಪ್‌ವಾಚ್ ಕೊಟ್ಟರು. ನಿಧಾನಕ್ಕೆ ಆಡುವವರನ್ನು ಹಿಡಿಯಬೇಕು, ಅಷ್ಟೇ.

ಸುಲಭ ಅಂದುಕೊಂಡಿದ್ದೆ.

ಗಾಲ್ಫ್ ನಿಧಾನದ ಆಟ ಅಂತ ಎಲ್ಲರಿಗೂ ಗೊತ್ತು. 2021ರ ಆಗಸ್ಟಿನಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಪದಕದ ಬಾಗಿಲ ತನಕ ಹೋಗಿದ್ದರಲ್ಲ, ಒಂದೇ ಒಂದು ಸ್ಟ್ರೋಕಿನಲ್ಲಿ, ಅಂದರೆ ಒಂದು ಹೊಡೆತದಲ್ಲಿ, ಕಂಚು ತಪ್ಪಿ ನಾಲ್ಕನೆಯವರಾದರಲ್ಲ, ಆ ಕೊನೆಯ ದಿನ ಗಾಲ್ಫ್ ಕೋಲನ್ನು ಯಾವ ಕಡೆಯಿಂದ ಹಿಡಿಯಬೇಕು ಅಂತ ಗೊತ್ತಿಲ್ಲದವರೂ ಬೆಳ್‌ಬೆಳಗ್ಗೆ ಟಿವಿ ಹಾಕಿಕೊಂಡು ಕೂತಿದ್ದರು. ನಮ್ಮ ಮನೆಯಲ್ಲೂ ಅದೇ ಕಥೆ. ಅರ್ಧ ಗಂಟೆ ನೋಡಿದ ಮೇಲೆ ನನ್ನ ಹೆಂಡತಿ ಕೇಳಿದಳು: "ಅಲ್ರೀ, ಇವರು ಹೊಡೆಯೋದು ಯಾವಾಗ?"

ಒಳ್ಳೇ ಪ್ರಶ್ನೆ. ಕೋಲು ಹಿಂದೆ ಹೋಗಿ ಮುಂದೆ ಬಂದು ಚೆಂಡಿಗೆ ತಾಗಲು ಎರಡು ಸೆಕೆಂಡೂ ಬೇಡ. ಒಳ್ಳೆಯ ಆಟಗಾರ 18 ಹೋಲ್, ಅಂದರೆ 18 ಕುಳಿಗೆ ಚೆಂಡು ಬೀಳಿಸಿ ಮುಗಿಸಲು ಸುಮಾರು 70 ಸಲ ಹೊಡೆಯುತ್ತಾನೆ. ಕಡಿಮೆ ಸಲ ಹೊಡೆದವನೇ ಗೆದ್ದವನು. ಅಂದರೆ ಇಡೀ ದಿನದಲ್ಲಿ ನಿಜವಾದ ಆಟ ಎರಡೂಕಾಲು ನಿಮಿಷ. ಮಿಕ್ಕಿದ್ದೆಲ್ಲ ನಡಿಗೆ, ಯೋಚನೆ, ಕಾಯುವಿಕೆ. ನಡಿಗೆಗೆ ಯಾರೂ ಏನೂ ಮಾಡುವ ಹಾಗಿಲ್ಲ. ಜಗಳ ಇರುವುದೆಲ್ಲ ಯೋಚನೆಯ ಬಗ್ಗೆ.

2019ರಲ್ಲಿ ನಿಯಮಗಳನ್ನು ಹೊಸದಾಗಿ ಬರೆದಾಗ, ಒಂದು ಹೊಡೆತಕ್ಕೆ 40 ಸೆಕೆಂಡಿಗಿಂತ ಹೆಚ್ಚು ತೆಗೆದುಕೊಳ್ಳಬಾರದು ಅಂತ ಸಲಹೆ ಸೇರಿಸಿದರು. ಕಳೆದ ಚೆಂಡು ಹುಡುಕಲು ಇದ್ದ 5 ನಿಮಿಷವನ್ನು 3ಕ್ಕೆ ಇಳಿಸಿದರು. 40 ಸೆಕೆಂಡು ಅಂದರೆ ಕಡಿಮೆ ಅಂತ ಕಾಣುತ್ತದೆ. ಸುಮ್ನೆ ಕಣ್ಣು ಮುಚ್ಚಿ ಎಣಿಸಿ ನೋಡಿ, ಸಾಕಪ್ಪಾ ಅನ್ನಿಸುತ್ತದೆ. ಮೂವರ ಗುಂಪು, ತಲಾ 70 ಹೊಡೆತ, ಒಟ್ಟು 210. ಒಂದೊಂದಕ್ಕೂ ಪೂರ್ತಿ 40 ಸೆಕೆಂಡು ತೆಗೆದುಕೊಂಡರೂ 2 ಗಂಟೆ 20 ನಿಮಿಷ. ನಡಿಗೆ ಸೇರಿಸಿದರೆ ನಾಲ್ಕು ಗಂಟೆ ಆಸುಪಾಸು. ಈಗ ಒಂದೊಂದು ಹೊಡೆತಕ್ಕೂ ಬರೀ 15 ಸೆಕೆಂಡು ಹೆಚ್ಚಿಸಿ. ಸುಮಾರು 52 ನಿಮಿಷ ಕೂಡಿಕೊಂಡಿತು. ಯಾರೂ ಏನೂ ಘೋರ ತಪ್ಪು ಮಾಡಿಲ್ಲ. ಗ್ಲೌಸ್ ಒಮ್ಮೆ ಬಿಚ್ಚಿ ಹಾಕಿಕೊಂಡರು, ಅಷ್ಟೇ.

ನಮ್ಮ ಮದುವೆ ಊಟದ ಪಂಕ್ತಿ ನೆನಪು ಮಾಡಿಕೊಳ್ಳಿ. ನಿಧಾನಕ್ಕೆ ಉಣ್ಣುವುದು ತಪ್ಪಲ್ಲ. ಎಲೆಯ ತುದಿಯ ಉಪ್ಪಿನಕಾಯಿ ನೆಕ್ಕುತ್ತಾ, ಮಜ್ಜಿಗೆ ಬರಲಿ ಅಂತ ಕಾಯುತ್ತಾ ಕೂರಬಹುದು. ಆದರೆ ಮುಂದಿನ ಪಂಕ್ತಿಯವರು ಆಗಲೇ ಬಂದು ನಿಮ್ಮ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದಾರೆ. ಗಾಲ್ಫ್ ಕೋರ್ಸೂ ಹಾಗೇ. ದಾಟಿಕೊಂಡು ಹೋಗಲು ಪಕ್ಕದಲ್ಲಿ ದಾರಿ ಇಲ್ಲ. ಮಜಾ ಏನೆಂದರೆ, ಮದುವೆ ಮನೆಯಲ್ಲಿ ಹಿಂದೆ ನಿಂತವರ ಉಸಿರಾದರೂ ಕಿವಿಗೆ ತಾಗುತ್ತದೆ. ಇಲ್ಲಿ ಹಿಂದಿನವರು ಇನ್ನೂರು ಗಜ ದೂರದಲ್ಲಿ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿರುತ್ತಾರೆ. ನಿಧಾನದವನಿಗೆ ಕಾಣುವುದೇ ಇಲ್ಲ. ಅವನ ಕಣ್ಣೆಲ್ಲ ಮುಂದಿನ ಗುಂಪಿನ ಮೇಲೆ.

ಅಮೆರಿಕದ ದೊಡ್ಡ ಟೂರ್ನಮೆಂಟ್ ಮಾಸ್ಟರ್ಸ್, 2023ರಲ್ಲಿ ಅದರ ಕೊನೆಯ ದಿನ ಆಗಿದ್ದೂ ಇದೇ. ಜಾನ್ ರಾಮ್ ಮತ್ತು ಬ್ರೂಕ್ಸ್ ಕೋಪ್ಕಾ ಕೊನೆಯ ಜೋಡಿ. ರಾಮ್ ಗೆದ್ದರು. ಸೋತ ಕೋಪ್ಕಾ, ಮುಂದಿನ ಜೋಡಿ ವಿಪರೀತ ನಿಧಾನ, ಆಟದ ನಡುವೆ ರಾಮ್ ಏಳು ಸಲ ಶೌಚಾಲಯಕ್ಕೆ ಹೋಗಿ ಬಂದರೂ ನಾವು ಇನ್ನೂ ಕಾಯುತ್ತಲೇ ಇದ್ದೆವು ಅಂದರು. ಆ ಮುಂದಿನ ಜೋಡಿಯಲ್ಲಿದ್ದ ಪ್ಯಾಟ್ರಿಕ್ ಕ್ಯಾಂಟ್ಲೆಯನ್ನು ಕೇಳಿದರೆ, ನಾವೂ ಇಡೀ ದಿನ ಮುಂದಿನವರಿಗಾಗಿ ಕಾದೆವು ಅಂದರು. ಹೀಗೆ ಮುಂದೆ ಮುಂದೆ ಕೇಳುತ್ತಾ ಹೋದರೆ ಬೆಳಗ್ಗೆ ಮೊದಲು ಶುರು ಮಾಡಿದವರ ತನಕ ಹೋಗಬೇಕಾಗುತ್ತದೋ ಏನೋ.

ಪೂರ್ತಿ ಸುಳ್ಳೂ ಅಲ್ಲ ಬಿಡಿ. ಕಾಗದದ ಮೇಲೆಯೇ ಜಾಗ ಸಾಲುವುದಿಲ್ಲ. ಅಮೆರಿಕದ ಪಿಜಿಎ ಟೂರ್‌ನಲ್ಲಿ (ವೃತ್ತಿಪರ ಆಟಗಾರರ ಟೂರ್ನಮೆಂಟುಗಳ ಸರಣಿ ಅದು) ಎಷ್ಟೋ ವರ್ಷ 156 ಜನರ ಟೂರ್ನಮೆಂಟುಗಳು ನಡೆದವು. ಮೂವರಂತೆ 52 ಗುಂಪು. ಅರ್ಧ ಬೆಳಗ್ಗೆ, ಅರ್ಧ ಮಧ್ಯಾಹ್ನ. ಬೆಳಗಿನ 26 ಗುಂಪಿನಲ್ಲಿ 13 ಮೊದಲ ಹೋಲಿನಿಂದ, 13 ಹತ್ತನೇ ಹೋಲಿನಿಂದ ಶುರು. ಇರುವುದು 18 ಹೋಲ್, ಆಡುತ್ತಿರುವುದು 26 ಗುಂಪು. ಎಲ್ಲಾದರೂ ಒಂದು ಕಡೆ ಸಾಲು ನಿಲ್ಲಲೇಬೇಕು. ಹೆಚ್ಚಾಗಿ ಪಾರ್-3 ಹೋಲಿನಲ್ಲಿ, ಅಂದರೆ ಮೂರು ಹೊಡೆತದಲ್ಲಿ ಮುಗಿಸಬೇಕಾದ ಚಿಕ್ಕ ಹೋಲಿನಲ್ಲಿ ನಿಲ್ಲುತ್ತದೆ, ಯಾಕೆಂದರೆ ಮುಂದಿನವರು ಗ್ರೀನ್ (ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಜಾಗ) ಬಿಡುವ ತನಕ ಹಿಂದಿನವರು ಮೊದಲ ಹೊಡೆತವನ್ನೇ ಹೊಡೆಯುವ ಹಾಗಿಲ್ಲ. ಕೊನೆಗೆ ಟೂರ್‌ನವರೇ ಇದನ್ನು ಒಪ್ಪಿಕೊಂಡು, 2026ರಿಂದ ಗರಿಷ್ಠ 144 ಜನ ಅಂತ 2024ರ ನವೆಂಬರಿನಲ್ಲಿ ತೀರ್ಮಾನಿಸಿದರು. ಒಳ್ಳೇದೇ. ಆದರೆ ಬಸ್ಸಿನಲ್ಲಿ ಸೀಟು ಕಡಿಮೆ ಮಾಡಿದರೆ ಮೆಟ್ಟಿಲ ಮೇಲೆ ನಿಂತು ಚಿಲ್ಲರೆ ಎಣಿಸುವವನು ಬೇಗ ಹತ್ತುತ್ತಾನಾ?

ನಮ್ಮ ಕಡೆಯ ಕೋರ್ಸಿನಲ್ಲಿ ಈ ವಿಷಯಕ್ಕೆ ಅತಿ ಹೆಚ್ಚು ಬೇಜಾರು ಮಾಡಿಕೊಳ್ಳುವವರು ಯಾರು ಗೊತ್ತಾ? ಆಟಗಾರರ ಬ್ಯಾಗ್ ಹೊರುವ ಕ್ಯಾಡಿಗಳು. ಟೂರ್ನಮೆಂಟಿಗೆ ಹೋದ ಮೊದಲ ದಿನ ಬೆಳಗ್ಗೆ ಚಹಾ ಕುಡಿಯುವಾಗ ಒಬ್ಬ ಹಿರಿಯ ಕ್ಯಾಡಿ ನನ್ನ ಕುತ್ತಿಗೆಯ ಸ್ಟಾಪ್‌ವಾಚ್ ನೋಡಿ ನಕ್ಕರು. "ನಾಲ್ಕು ಗಂಟೆ ಆದ್ರೂ ಅದೇ ದುಡ್ಡು ಸಾರ್, ಆರು ಗಂಟೆ ಆದ್ರೂ ಅದೇ ದುಡ್ಡು. ಬೇಗ ಮುಗಿದ್ರೆ ಮಧ್ಯಾಹ್ನ ಇನ್ನೊಂದು ಬ್ಯಾಗ್ ಸಿಗುತ್ತೆ." ಅಷ್ಟು ವರ್ಷ ನಿಯಮದ ಪುಸ್ತಕ ಓದಿದರೂ ಈ ಲೆಕ್ಕ ನನಗೆ ಹೊಳೆದಿರಲಿಲ್ಲ. ನನ್ನ 15 ಸೆಕೆಂಡು ಇವರ ಮಧ್ಯಾಹ್ನದ ಕೂಲಿ.

ಹಿಡಿಯುವ ಕ್ರಮ ಹೀಗಿತ್ತು. ಯಾವುದೋ ಒಂದು ಗುಂಪು ಹಿಂದೆ ಬಿದ್ದಿದೆ, ಮುಂದೆ ಒಂದಿಡೀ ಹೋಲ್ ಖಾಲಿ ಇದೆ ಅಂತಾದರೆ ಅವರಿಗೆ ಹೇಳಿ ಸಮಯ ಅಳೆಯಲು ಶುರು ಮಾಡುವುದು. ಆಟಗಾರನ ಸರದಿ ಬಂದು, ಅಡ್ಡಿ ಏನೂ ಇಲ್ಲದಿದ್ದಾಗ ಗುಂಡಿ ಒತ್ತುವುದು. 40 ಸೆಕೆಂಡು ಮೀರಿದರೆ ಮೊದಲ ಸಲ ಎಚ್ಚರಿಕೆ. ಎರಡನೇ ಸಲ ಒಂದು ಸ್ಟ್ರೋಕ್ ದಂಡ. ದೊಡ್ಡ ಟೂರ್‌ಗಳಲ್ಲೂ ಹೆಚ್ಚುಕಡಿಮೆ ಇದೇ ರೀತಿ ನಡೆಯುತ್ತಿತ್ತು.

ನಡೆಯುತ್ತಿತ್ತು ಅಂದೆ, ಆದರೆ ನಡೆದದ್ದು ಕಡಿಮೆ. ಪಿಜಿಎ ಟೂರ್‌ನಲ್ಲಿ 1995ರಲ್ಲಿ ಗ್ಲೆನ್ ಡೇ ಎಂಬವರಿಗೆ ನಿಧಾನಕ್ಕೆ ಆಡಿದ್ದಕ್ಕೆ ಸ್ಟ್ರೋಕ್ ದಂಡ ಬಿತ್ತು. ಅದರ ಮುಂದಿನದು 2017ರಲ್ಲಿ, ಬ್ರಯಾನ್ ಕ್ಯಾಂಪ್‌ಬೆಲ್ ಮತ್ತು ಮಿಗೆಲ್ ಏಂಜೆಲ್ ಕಾರ್ಬಾಲೊ ಜೋಡಿಗೆ, ಅದೂ ಇಬ್ಬಿಬ್ಬರು ಸೇರಿ ಆಡುವ ಟೂರ್ನಮೆಂಟಿನಲ್ಲಿ. ನಡುವೆ 22 ವರ್ಷ! ಆ 22 ವರ್ಷದಲ್ಲಿ ಯಾರೂ ನಿಧಾನಕ್ಕೆ ಆಡಲೇ ಇಲ್ಲವಾ? ಹಣದ ದಂಡ ಹಾಕುತ್ತಿದ್ದರು, ಸದ್ದಿಲ್ಲದೆ. ವಾರಕ್ಕೆ ಲಕ್ಷಗಟ್ಟಲೆ ಡಾಲರ್ ಗೆಲ್ಲುವವನಿಗೆ ಅದು ಪಾರ್ಕಿಂಗ್ ಚೀಟಿ ಇದ್ದ ಹಾಗೆ.

2018ರ ಜನವರಿ. ಕ್ಯಾಲಿಫೋರ್ನಿಯಾದ ಟೋರಿ ಪೈನ್ಸ್, ಕೊನೆಯ ದಿನದ ಕೊನೆಯ ಹೋಲ್. ಜೆ.ಬಿ. ಹೋಮ್ಸ್ ತಮ್ಮ ಎರಡನೇ ಹೊಡೆತಕ್ಕೆ ನಾಲ್ಕು ನಿಮಿಷಕ್ಕೂ ಹೆಚ್ಚು ಯೋಚಿಸಿದರು. ಗಾಳಿ ನಿಲ್ಲಲಿ ಅಂತ ಕಾದರು. ಕೊನೆಗೆ ಗ್ರೀನಿಗೆ ಹೊಡೆಯುವ ಧೈರ್ಯ ಮಾಡದೆ ಸುಮ್ಮನೆ ಸ್ವಲ್ಪ ಮುಂದಕ್ಕೆ ತಳ್ಳಿದರು. ಅಷ್ಟು ಹೊತ್ತೂ ಪಕ್ಕದಲ್ಲಿ ಕಾಯುತ್ತಾ ನಿಂತಿದ್ದ ಅಲೆಕ್ಸ್ ನೊರೆನ್ ಆಮೇಲೆ ಹೊಡೆದ ಚೆಂಡು ಗ್ರೀನ್ ದಾಟಿ ಹೋಯಿತು. ನೊರೆನ್ ಪ್ಲೇಆಫ್, ಅಂದರೆ ಸಮ ಬಂದವರ ನಡುವಿನ ಹೆಚ್ಚುವರಿ ಆಟ ಆಡಿ, ಕತ್ತಲಾಗಿ, ಸೋಮವಾರ ಬೆಳಗ್ಗೆ ಮತ್ತೆ ಬಂದು ಸೋತರು. ಹೋಮ್ಸ್‌ಗೆ ಯಾವ ಸ್ಟ್ರೋಕ್ ದಂಡವೂ ಇಲ್ಲ. ಮರುವರ್ಷ ಬ್ರೈಸನ್ ಡಿಶಾಂಬೋ ಎಂಟು ಅಡಿಯ ಪಟ್ (ಗ್ರೀನಿನ ಮೇಲೆ ಚೆಂಡನ್ನು ಕುಳಿಗೆ ಉರುಳಿಸುವ ಹೊಡೆತ) ಒಂದಕ್ಕೆ ಎರಡು ನಿಮಿಷಕ್ಕೂ ಹೆಚ್ಚು ತೆಗೆದುಕೊಂಡ ವಿಡಿಯೋ ಊರೆಲ್ಲ ಓಡಾಡಿತು. ಆ ಪಟ್ ಹೋಲಿಗೆ ಬೀಳಲೂ ಇಲ್ಲ ಅನ್ನೋದು ಬೇರೆ ಮಾತು. ಅವರಿಗೂ ದಂಡ ಇಲ್ಲ.

ಹಾಗಾದರೆ ದಂಡ ಬಿದ್ದದ್ದು ಯಾರಿಗೆ? 2013ರ ಮಾಸ್ಟರ್ಸ್‌ನಲ್ಲಿ (ಅದನ್ನು ನಡೆಸುವುದು ಪಿಜಿಎ ಟೂರ್ ಅಲ್ಲ) ಚೀನಾದಿಂದ ಬಂದಿದ್ದ ಗುವಾನ್ ಟಿಯಾನ್‌ಲಾಂಗ್ ಎಂಬ ಹುಡುಗನಿಗೆ. ವಯಸ್ಸು 14. ಎರಡನೇ ದಿನ ಗಾಳಿ ಜೋರಿತ್ತು. 12ನೇ ಹೋಲಿನಲ್ಲಿ ಸಮಯ ಅಳೆಯಲು ಶುರು ಮಾಡಿದರು, 13ರಲ್ಲಿ ಎಚ್ಚರಿಕೆ, 17ರಲ್ಲಿ ಎರಡನೇ ಹೊಡೆತಕ್ಕೆ ಮತ್ತೆ 40 ಸೆಕೆಂಡು ಮೀರಿ ಒಂದು ಸ್ಟ್ರೋಕ್. ದಂಡ ಹಾಕಿದವರು ಹಿರಿಯ ರೆಫರಿ ಜಾನ್ ಪ್ಯಾರಮರ್. ಜಗತ್ತೆಲ್ಲ ಅವರ ಮೇಲೆ ಮುಗಿಬಿತ್ತು. ಹುಡುಗ ಮಾತ್ರ ತೀರ್ಮಾನ ಗೌರವಿಸುತ್ತೇನೆ ಅಂದು ಸುಮ್ಮನಾದ. ಅವನ ಅದೃಷ್ಟ, ಲೀಡರ್‌ಗಿಂತ 10 ಸ್ಟ್ರೋಕಿನ ಒಳಗಿದ್ದವರಿಗೆಲ್ಲ ಮುಂದೆ ಆಡುವ ಅವಕಾಶ ಅಂತ ಅಲ್ಲಿ ನಿಯಮವಿತ್ತು. ದಂಡ ಸೇರಿ ಅವನು ಸರಿಯಾಗಿ 10 ಸ್ಟ್ರೋಕ್ ಹಿಂದೆ ನಿಂತ. ಮಾಸ್ಟರ್ಸ್‌ನಲ್ಲಿ ಹೀಗೆ ಮುಂದಿನ ದಿನಗಳಿಗೆ ಉಳಿದವರಲ್ಲಿ, ಅಂದರೆ ಕಟ್ ದಾಟಿದವರಲ್ಲಿ, ಅತಿ ಚಿಕ್ಕವನಾದ. ಅಲ್ಲಿಯ ತನಕ ಆ ದಾಖಲೆ ಇದ್ದದ್ದು ಮಟ್ಟಿಯೋ ಮನಸ್ಸೇರೊ ಹೆಸರಲ್ಲಿ. ಅವರು ಅವತ್ತು ಅದೇ ಗುಂಪಿನಲ್ಲಿ ಪಕ್ಕದಲ್ಲೇ ಆಡುತ್ತಿದ್ದರು.

ಪ್ಯಾರಮರ್ ಮಾಡಿದ್ದು ತಪ್ಪು ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ಎಚ್ಚರಿಕೆ ಕೊಟ್ಟಿದ್ದರು, ಎಣಿಸಿದ್ದರು, ಮೀರಿತ್ತು, ಬರೆದರು. ನನಗೆ ಕಾಡುವುದು ಬೇರೆ. ಅದೇ ಗಡಿಯಾರ ದೊಡ್ಡವರ ಹತ್ತಿರ ಹೋದಾಗ ಯಾಕೆ ಕೆಟ್ಟು ಹೋಗುತ್ತದೆ?

ಇದಕ್ಕೆ ಉತ್ತರ ನನಗೆ ಗೊತ್ತು. ಪುಸ್ತಕ ಓದಿ ಕಲಿತದ್ದಲ್ಲ.

ಟೂರ್ನಮೆಂಟಿನ ಮೊದಲ ದಿನ, ಮಧ್ಯದಲ್ಲಿದ್ದ ಒಂದು ಗುಂಪು ಹಿಂದೆ ಬಿತ್ತು. ಅದರಲ್ಲಿ ಒಬ್ಬ ಹುಡುಗ, ಹದಿಮೂರೋ ಹದಿನಾಲ್ಕೋ ಇರಬೇಕು. ಎಲ್ಲೋ ಕೊನೆಯ ಸ್ಥಾನಗಳಲ್ಲಿದ್ದ. ಅವನದ್ದೊಂದು ಶಾಸ್ತ್ರ ಇತ್ತು. ಟವೆಲ್ಲಿನಿಂದ ಕೋಲಿನ ಹಿಡಿ ಒರೆಸುತ್ತಿದ್ದ. ಚೆಂಡಿನ ಹಿಂದೆ ಹೋಗಿ ಕುಕ್ಕರುಗಾಲಲ್ಲಿ ಕೂರುತ್ತಿದ್ದ. ಎದ್ದು ಬಂದು ಮೂರು ಸಲ ಸುಮ್ಮನೆ ಬೀಸಿ ನೋಡುತ್ತಿದ್ದ. ಆಮೇಲೆ ಮತ್ತೆ ಟವೆಲ್. 12ನೇ ಹೋಲಿನಲ್ಲಿ 49 ಸೆಕೆಂಡು. ಹತ್ತಿರ ಹೋಗಿ ಎಚ್ಚರಿಕೆ ಹೇಳಿದೆ. 14ರಲ್ಲಿ 51. ಒಂದು ಸ್ಟ್ರೋಕ್ ಅಂತ ಹೇಳಿದೆ. "ಆಯ್ತು ಅಂಕಲ್" ಅಂದ. ಕಾರ್ಡಿನಲ್ಲಿ 5 ಇದ್ದದ್ದು 6 ಆಯಿತು. ಯಾರೂ ತಕರಾರು ಮಾಡಲಿಲ್ಲ. ಅವನ ಮನೆಯವರು ಯಾರೂ ಬಂದಂತೆ ಕಾಣಲಿಲ್ಲ. ಸಂಜೆ ನನ್ನ ಬೆನ್ನು ತಟ್ಟಿದರು, ಒಳ್ಳೇ ಕೆಲಸ ಸಾರ್, ಹೀಗೇ ಇರಬೇಕು ಅಂತ. ನಾನೂ ಉಬ್ಬಿದೆ.

ಎರಡನೇ ದಿನ ಕೊನೆಯ ಗುಂಪು ನನ್ನ ಪಾಲಿಗೆ ಬಂತು. ಮುನ್ನಡೆಯಲ್ಲಿದ್ದ ಹುಡುಗನಿಗೆ 11ರಲ್ಲೇ 47 ಸೆಕೆಂಡು ಆಗಿ ಎಚ್ಚರಿಕೆ ಕೊಟ್ಟಿದ್ದೆ. 16ನೇ ಹೋಲಿನ ಗ್ರೀನಿನಲ್ಲಿ ಅವನಿಗೆ ಆರೇಳು ಅಡಿಯ ಪಟ್. ಸುತ್ತ ನಲವತ್ತೈವತ್ತು ಜನ. ಮರದ ಕೆಳಗೆ ಅವನ ಅಪ್ಪ, ಪಕ್ಕದಲ್ಲಿ ಕೋಚ್, ಇಬ್ಬರೂ ಉಸಿರು ಬಿಗಿಹಿಡಿದಿದ್ದಾರೆ. ಹುಡುಗನ ಸರದಿ ಬಂತು. ಗುಂಡಿ ಒತ್ತಿದೆ. ಅವನು ಚೆಂಡಿನ ಹಿಂದಿನಿಂದ ನೋಡಿದ. ಹೋಲಿನ ಆಚೆಯಿಂದ ನೋಡಿದ. ಎರಡು ಕಾಲು ಅಗಲಿಸಿ ನಿಂತು ಪಾದದಿಂದ ಇಳಿಜಾರು ಅಳೆದ. ಬೆರಳು ಎತ್ತಿ ಹಿಡಿದ. ನಿಂತ, ಮತ್ತೆ ಹಿಂದೆ ಸರಿದ. ಪಟ್ ಮಾಡಿದ. ಬಿತ್ತು. ಚಪ್ಪಾಳೆ.

ಕೆಳಗೆ ನೋಡಿದೆ. 58.

ಎಲ್ಲರೂ ಅವನನ್ನು ನೋಡುತ್ತಿದ್ದರು. ಅವನಪ್ಪ ಮಾತ್ರ ನನ್ನನ್ನು ನೋಡುತ್ತಿದ್ದರು. ಬೆದರಿಕೆ ಏನಲ್ಲ, ಕೋಪವೂ ಅಲ್ಲ. ಸುಮ್ಮನೆ ನೋಡಿದರು. ನನ್ನ ಎಡಗೈ ಹೆಬ್ಬೆರಳು ತಾನಾಗಿಯೇ ರೀಸೆಟ್ ಒತ್ತಿತು. ಸೊನ್ನೆ ಸೊನ್ನೆ ಸೊನ್ನೆ. ಅಲ್ಲಿಗೆ ಮುಗಿಯಿತು.

ವಾಕಿಟಾಕಿಯಲ್ಲಿ ಕೇಳಿದರು, ಕೊನೇ ಗುಂಪು ಹೇಗಿದೆ ಸಾರ್? ಪರವಾಗಿಲ್ಲ, ಬರ್ತಾ ಇದ್ದಾರೆ ಅಂದೆ.

ಅವನು ಎರಡು ಸ್ಟ್ರೋಕಿನಿಂದ ಗೆದ್ದ. ಅಂದರೆ ನಾನು ದಂಡ ಬರೆದಿದ್ದರೂ ಅವನೇ ಗೆಲ್ಲುತ್ತಿದ್ದ ಅಲ್ವಾ? ಈ ಒಂದು ಲೆಕ್ಕ ಇಟ್ಟುಕೊಂಡು ಎಷ್ಟೋ ವರ್ಷ ಸಮಾಧಾನ ಮಾಡಿಕೊಂಡಿದ್ದೆ. 2025ರ ಮಾರ್ಚಿನಲ್ಲಿ ಮಹಿಳೆಯರ ಎಲ್‌ಪಿಜಿಎ ಟೂರ್ ಹೊಸ ನಿಯಮ ತಂದಿತು. ಸಮಯದ ಮಿತಿಗಿಂತ 5 ಸೆಕೆಂಡಿನವರೆಗೆ ಮೀರಿದರೆ ಹಣದ ದಂಡ. 6ರಿಂದ 15 ಸೆಕೆಂಡು ಮೀರಿದರೆ ಒಂದು ಸ್ಟ್ರೋಕ್. 16 ಮುಟ್ಟಿದರೆ ಎರಡು. ಇದನ್ನು ಓದುತ್ತಿದ್ದಂತೆ ನನ್ನ ತಲೆ ತನ್ನಷ್ಟಕ್ಕೆ ಕಳೆಯಿತು, 58ರಲ್ಲಿ 40 ಹೋದರೆ 18. ಎರಡು ಸ್ಟ್ರೋಕ್. ಪ್ಲೇಆಫ್. ನಮ್ಮ ಟೂರ್ನಮೆಂಟಿಗೆ ಆ ನಿಯಮ ಇರಲಿಲ್ಲ, ನಿಜ. ಆದರೂ ಅವತ್ತು ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ.

ಎಲ್‌ಪಿಜಿಎ ಮಾಡಿದ್ದು ನನಗೆ ಹಿಡಿಸಿತು. ನನ್ನಂಥ ಪುಕ್ಕಲರಿಗೆ ಮೆಟ್ಟಿಲು ಮೆಟ್ಟಿಲಾಗಿ ಲೆಕ್ಕ ಬರೆದುಕೊಟ್ಟರೆ ಸುಲಭ. 2018ರ ಜೂನ್‌ನಲ್ಲಿ ಆಸ್ಟ್ರಿಯಾದಲ್ಲಿ ಯುರೋಪಿಯನ್ ಟೂರ್ ಇದಕ್ಕಿಂತ ಚೆನ್ನಾದ ಒಂದು ಪ್ರಯೋಗ ಮಾಡಿತ್ತು. ಶಾಟ್ ಕ್ಲಾಕ್ ಮಾಸ್ಟರ್ಸ್ ಅಂತ ಹೆಸರು. ಪ್ರತಿ ಗುಂಪಿನ ಜೊತೆ ಗಾಡಿಯಲ್ಲಿ ದೊಡ್ಡ ಗಡಿಯಾರ, ಎಲ್ಲರ ಎಲ್ಲ ಹೊಡೆತಕ್ಕೂ ಎಣಿಕೆ. ಮೊದಲು ಹೊಡೆಯುವವರಿಗೆ 50 ಸೆಕೆಂಡು, ಉಳಿದವರಿಗೆ 40. ಮೀರಿದರೆ ನೇರ ಸ್ಟ್ರೋಕ್. ಇಡೀ ವಾರದಲ್ಲಿ ದಂಡ ಬಿದ್ದದ್ದು ಬೆರಳೆಣಿಕೆಯಷ್ಟು. ಆಟ ಮಾತ್ರ ಅರ್ಧ ಗಂಟೆಯಷ್ಟು ಬೇಗ ಮುಗಿಯಿತು. ಗೆದ್ದವರು ಫಿನ್ಲೆಂಡಿನ ಮಿಕ್ಕೊ ಕೊರ್ಹೊನೆನ್. ಅಲ್ಲಿ ರೆಫರಿ ಯಾರ ಮುಖವನ್ನೂ ನೋಡಬೇಕಾಗಿರಲಿಲ್ಲ. ಗಡಿಯಾರ ಎಲ್ಲರಿಗೂ ಕಾಣುತ್ತಿತ್ತು, ಅಪ್ಪಂದಿರಿಗೂ. ಅಷ್ಟು ಚೆನ್ನಾಗಿ ನಡೆದದ್ದನ್ನು ಪ್ರತಿ ವಾರ ಯಾಕೆ ಮಾಡಲಿಲ್ಲವೋ. ಗುಂಪಿಗೊಬ್ಬ ರೆಫರಿ ಅಂದರೆ ಖರ್ಚು ಜಾಸ್ತಿ ಅನ್ನುತ್ತಾರೆ. ಇರಬಹುದು. ಆದರೆ 2025ರಲ್ಲಿ ಫ್ಲೋರಿಡಾದಲ್ಲಿ ಟೈಗರ್ ವುಡ್ಸ್ ಮತ್ತು ರೋರಿ ಮೆಕಿಲ್‌ರಾಯ್ ಶುರು ಮಾಡಿದ ಒಳಾಂಗಣದ ಟಿಜಿಎಲ್ ಲೀಗಿನಲ್ಲಿ ಅದೇ ದೊಡ್ಡ ಆಟಗಾರರು 40 ಸೆಕೆಂಡಿನೊಳಗೆ ಹೊಡೆಯುತ್ತಾರೆ. ಆಗುತ್ತೆ ಅಂದರೆ ಆಗುತ್ತೆ.

ಆ ಎರಡನೇ ದಿನದ ಸಂಜೆ ಬಹುಮಾನ ವಿತರಣೆ ಒಳಗೆ ನಡೆಯುತ್ತಿತ್ತು. ನನಗೆ ಕೂರಲು ಆಗಲಿಲ್ಲ. ಹೊರಗೆ ಬಂದೆ. ಪ್ರಾಕ್ಟೀಸ್ ಗ್ರೀನಿನಲ್ಲಿ ಅದೇ ಹುಡುಗ, ಮೊದಲ ದಿನ ದಂಡ ತಿಂದವನು, ಒಬ್ಬನೇ ಪಟ್ ಮಾಡುತ್ತಿದ್ದ. ಕರೆದುಕೊಂಡು ಹೋಗುವವರು ಇನ್ನೂ ಬಂದಿರಲಿಲ್ಲವೇನೋ. ನನ್ನನ್ನು ನೋಡಿದ. ಮುಖ ತಿರುಗಿಸುತ್ತಾನೆ ಅಂದುಕೊಂಡೆ.

"ಅಂಕಲ್, ನಿನ್ನೆ ಎಷ್ಟಾಗಿತ್ತು?"

"49. ಆಮೇಲೆ 51."

"ನಂಗೆ ಇಪ್ಪತ್ತು ಆದಂಗೆ ಅನ್ಸಿತ್ತು." ಸ್ವಲ್ಪ ತಡೆದು ಕೇಳಿದ, "ನೀವು ಒಂದ್ಸಲ ಟೈಮ್ ನೋಡ್ತೀರಾ?"

ಕುತ್ತಿಗೆಯಲ್ಲಿ ವಾಚ್ ಇನ್ನೂ ನೇತಾಡುತ್ತಿತ್ತು. ಗುಂಡಿ ಒತ್ತಿದೆ. ಹಿಡಿ ಒರೆಸಿದ, ಕುಕ್ಕರುಗಾಲಲ್ಲಿ ಕೂತ, ಎದ್ದ, ಮೂರು ಸಲ ಬೀಸಿದ. ಟವೆಲ್ಲಿಗೆ ಕೈ ಹೋಯಿತು, ಅಲ್ಲೇ ನಿಂತಿತು, ವಾಪಸ್ ಬಂತು. ಪಟ್ ಮಾಡಿದ. ಹೋಲಿನ ಅಂಚು ಸವರಿಕೊಂಡು ಆಚೆ ಹೋಯಿತು.

"ಎಷ್ಟು?"

"43."

ಒಳಗೆ ಯಾರದೋ ಹೆಸರು ಕೂಗಿದರು, ಚಪ್ಪಾಳೆ ಕೇಳಿಸಿತು. ಅವನು ಆ ಕಡೆ ತಿರುಗಲಿಲ್ಲ. ಟವೆಲ್ಲನ್ನು ಬ್ಯಾಗಿನ ಮೇಲೆ ಎಸೆದು ಬಂದ.

"ಇನ್ನೊಂದ್ಸಲ ಅಂಕಲ್."

ರೀಸೆಟ್ ಒತ್ತಿದೆ.